ಹೊಟ್ಟೆಗೆ ಹಾಕಿಕೊಂಡದ್ದು

ಬೆಳಗಿನ ಆರಕ್ಕೆ ಧನಕವಡಿಯ ಮೂರನೇ ಮಹಡಿ.
ನನ್ನ ಕೈಯಲ್ಲಿ ಐಸ್ ಪೆಟ್ಟಿಗೆ, ಕಂದು ಬಾಟಲಿಗಳು,
ತೂಗಿ ಕಟ್ಟಿದ ಹಸಿರು ಪುಡಿಯ ಎರಡು ಪೊಟ್ಟಣ.
ಬಾಗಿಲಿಗೆ ಇಬ್ಬರೂ ಒಟ್ಟಿಗೇ ಬಂದರು,
ಇಂದುಮತಿ ಬಿರಾಜದಾರ, ಮಹಾನಂದಾ ಬಿರಾಜದಾರ,
ಇಪ್ಪತ್ತೆರಡು ವರ್ಷ ಒಂದೇ ಒಲೆಯ ಓರಗಿತ್ತಿಯರು.

ಮೂರು ದಿನ ಚಹಾ ಇಲ್ಲ, ಸೇಬು ಇಲ್ಲ, ಚಾಕಲೇಟು ಇಲ್ಲ
ಎಂದು ಸಹಿ ಹಾಕಿಸಿಕೊಂಡು ಹೋಗಿದ್ದೆ.
ಕೆಳಗಿನ ಅಮೃತತುಲ್ಯದ ಏಲಕ್ಕಿ ವಾಸನೆ
ಮೆಟ್ಟಿಲು ಹತ್ತಿ ಬಂದು ಕಿಟಕಿಯಲ್ಲಿ ಕೂತಿತ್ತು.
"ತಲಿ ಸಿಡ್ಯಾಕತ್ತೈತಿ ನೋಡ್ರಿ,"
ಮಹಾನಂದಾ ಲೋಟವನ್ನು ಬೆಳಕಿಗೆ ಹಿಡಿದರು.
"ಇದೇನ್ ಚಾ ಏನ್ರಿ? ಮೆಂತೆಪಲ್ಲೆ ತೊಳದ ನೀರು."
ಇಂದುಮತಿ ಏನೂ ಅನ್ನದೆ ಕುಡಿದು
ಲೋಟ ಬೋರಲು ಹಾಕಿದರು.

ಆಮೇಲಿನ ಇಪ್ಪತ್ನಾಲ್ಕು ತಾಸು
ಅವರ ಮೈ ಬೇಡವೆಂದದ್ದೆಲ್ಲ ನನ್ನದು.
ಬಾಟಲಿಗೆ ಸಂಖ್ಯೆ ಮಾತ್ರ, ಹೆಸರು ಬರೆಯುವಂತಿಲ್ಲ:
ಇಂದುಮತಿ ಹದಿನೇಳು, ಮಹಾನಂದಾ ಹದಿನೆಂಟು.
ನಾಚಿಕೆಗೆ ಮರಾಠಿ ಪೇಪರು ಸುತ್ತಿ ಕೊಟ್ಟರು,
ರಾಶಿಭವಿಷ್ಯದ ಪುಟ.
ಸ್ಕೂಟರಿನ ಹಿಂದೆ ಅವೆಲ್ಲ ಒಂದಕ್ಕೊಂದು ತಾಗುತ್ತ
ಪಾಷಾಣದವರೆಗೂ ಮಾತಾಡಿಕೊಂಡು ಬಂದವು.

ಯಂತ್ರ ಗೆರೆ ಎಳೆಯಿತು.
ಹದಿನೆಂಟರದ್ದು ಎಂಟನೇ ತಾಸಿಗೆ ಎದ್ದು ನಿಂತಿತು
ಬಯಲಲ್ಲಿ ಒಂಟಿ ತಾಳೆಮರ.
ಹದಿನೇಳರದ್ದು ಕೊನೆಯ ತನಕ
ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇತ್ತು.

ಡಾಕ್ಟರ್ ಪೋಂಕ್ಷೆ ಬಿಲ್ಲಿನ ಹಿಂದೆ ಚಿತ್ರ ಬರೆದು ಹೇಳಿದರು:
ಚಹಾದ ಕಣದಲ್ಲಿ ಉಂಗುರಗಳಿವೆ, ನಡುವಿನದು ಬಿಗಿ,
ನಮ್ಮ ಯಾವ ರಸಕ್ಕೂ ಬಿಚ್ಚಿಕೊಳ್ಳದು.
ದೊಡ್ಡ ಕರುಳಿನ ಕತ್ತಲಲ್ಲಿ ಒಕ್ಕಲಿವೆ.
ಒಂದು ಜೀವಿ ಆ ಉಂಗುರ ಬಿಡಿಸಿ ಕೈಬಿಡುತ್ತದೆ, ಅದಕ್ಕೆ ಬರುವುದಷ್ಟೇ.
ಇನ್ನೊಂದು ಎತ್ತಿಕೊಂಡು ತುದಿ ಕತ್ತರಿಸುತ್ತದೆ,
ಆಮೇಲೆ ಮತ್ತೊಂದು.
ನಡುವಿನದು ಒಂದು ಇಲ್ಲವೋ, ಕೆಲಸ ಅಲ್ಲಿಗೇ ನಿಂತಿತು.
ಕುಲ ನೋಡಿ ಹೇಳುವಂತೆಯೂ ಇಲ್ಲ.
ಒಂದೇ ಹೆಸರು, ಒಂದೇ ಮೈಕಟ್ಟಿನ ಎರಡರಲ್ಲಿ
ಒಂದರ ಬಳಿ ಕತ್ತರಿ ಉಂಟು, ಇನ್ನೊಂದು ಬರಿಗೈ.
ಕನ್ನಡಿಯಡಿ ಇಟ್ಟು ನೋಡಿದರೂ ಗುರುತು ಹತ್ತದು,
ಚಹಾ ಕೊಟ್ಟೇ ಕೇಳಬೇಕು.

ಒಡೆದ ಚೂರು ರಕ್ತಕ್ಕೆ ಇಳಿಯುತ್ತದೆ.
ಒಡೆಯದೆ ಉಳಿದದ್ದು ಬಹುಪಾಲು
ಬಂದ ದಾರಿ ಹಿಡಿದು ದಾಟಿ ಹೋಗುತ್ತದೆ.
"ಯಾವುದು ಒಳ್ಳೆಯದು ಮೇಡಂ?"
"ಗೊತ್ತಿಲ್ಲ," ಎಂದರು,
ಹಸಿವಾಗಿದೆ ಎನ್ನುವಷ್ಟು ಸಲೀಸಾಗಿ.

ಬಸ್ಸಿನ ಖರ್ಚು ಇನ್ನೂರು ಕೊಡಲು ಮತ್ತೆ ಹೋದೆ.
ಇಬ್ಬರದೂ ಬೇರೆ ಬೇರೆ ಬಂದಿದೆ ಎಂದೆ,
ಅದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ.
"ಅದ ರೊಟ್ಟಿ, ಅದ ಪುಂಡಿಪಲ್ಲೆ, ಹ್ಯಾಂಗ ಬ್ಯಾರೆ?"
ಎಂದ ಮಹಾನಂದಾ ತಾನೇ ನಕ್ಕು ತಾನೇ ಉತ್ತರ ಕೊಟ್ಟರು:
"ಮದುವ್ಯಾದ ವರ್ಷ ಅತ್ತಿ ಒಂದು ಮಾತು ಅಂದಿದ್ರು,
ಇಬ್ಬರಿಗೂ ಕೂಡೇ, ಇದ ಕಟ್ಟಿ ಮುಂದ ನಿಂದರಿಸಿ.
ನಾ ಸಂಜಿಗೆ ಅರಗಿಸಿಕೊಂಡೆ. ಇಕಿ ಬಾಯಿ ಬಿಡಲಿಲ್ಲ,
ಇನ್ನಾ ಹೊಟ್ಟ್ಯಾಗ ಇಟಗೊಂಡು ಕುಂತಾಳ."

ಇಂದುಮತಿ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು.
"ಯಾವ ಮಾತವಾ?"
ಕೇಳಿದ್ದು ನಿಜಕ್ಕೂ ತಿಳಿಯಲೆಂದೇ.

ಮಹಾನಂದಾ ಹೇಳಿದರು.
ಅಕ್ಷರ ಬಿಡದೆ, ಹೋದ ಮುದುಕಿಯ ದನಿಯಲ್ಲೇ,
ಕೊನೆಗೆ ಬರುವ ಆ ಸಣ್ಣ ಕೆಮ್ಮಿನ ಸಮೇತ.

ಒಲೆಯ ಮೇಲೆ ಈಗ ಖರೇ ಚಹಾ, ಶುಂಠಿ, ಹಾಲು.
ಬಸಿಗೆ ಸುರಿದು ಬಸಿಯಿಂದಲೇ ಕುಡಿದೆವು ಮೂವರೂ.
ಕೆನೆ ಕಟ್ಟಿತು.
ಮಹಾನಂದಾ ಬೆರಳಲ್ಲಿ ತೆಗೆದು ಬಸಿಯ ಅಂಚಿಗೆ ಅಂಟಿಸಿದರು.
ಇಂದುಮತಿ ಅದನ್ನೂ ಎತ್ತಿ
ಬಾಯಿಗೆ ಹಾಕಿಕೊಂಡರು.